ಬೀಗರು ಮೊದಲು ಹೊಡೆಯಲಿ

ಜಗತ್ತಿನಲ್ಲೇ ಅತ್ಯಂತ ನಿಧಾನವಾಗಿ ಗಾಲ್ಫ್ ಆಡುವ ಮನುಷ್ಯ ನಮ್ಮ ಮನೆತನದಲ್ಲಿದ್ದಾರೆ ಎಂದು ನಾನು ಎದೆ ತಟ್ಟಿಕೊಂಡು ಹೇಳಬಲ್ಲೆ! ನಿಧಾನಕ್ಕೇ ಒಂದು ಸ್ಪರ್ಧೆ ಇಟ್ಟರೆ ನಮ್ಮ ಕಾಕಾ ಗೆಲ್ಲುವುದರಲ್ಲಿ ಸಂಶಯವಿಲ್ಲ. ತೊಂದರೆ ಒಂದೇ. ಬಹುಮಾನ ತೆಗೆದುಕೊಳ್ಳಲು ಅವರು ವೇದಿಕೆ ಹತ್ತುವಷ್ಟರಲ್ಲಿ ಪೆಂಡಾಲಿನವರು ಬಟ್ಟೆ ಬಿಚ್ಚಿ, ಕುರ್ಚಿ ಮಡಚಿ, ಟೆಂಪೊಗೆ ಹೇರಿಕೊಂಡು ಹೋಗಿಬಿಟ್ಟಿರುತ್ತಾರೆ.

"ವಿಜಯಪುರದಲ್ಲಿ ಗಾಲ್ಫೇ?" ಎಂದು ನೀವು ಹುಬ್ಬೇರಿಸಿದ್ದು ನನಗೆ ಇಲ್ಲಿಂದಲೇ ಕಾಣುತ್ತದೆ. ಹುಬ್ಬು ಇಳಿಸಿ. ಗೋಳಗುಮ್ಮಟ ನೋಡಲು ಬಂದವರಿಗೆ ನಾವು ತೋರಿಸದೇ ಬಿಟ್ಟ ಸಂಗತಿಗಳು ಊರಿನಲ್ಲಿ ಇನ್ನೂ ಬೇಕಾದಷ್ಟಿವೆ. ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಸರಕಾರಿ ಎಂಜಿನಿಯರ್ ಆಗಿ ದೂರದ ಯಾವುದೋ ಅಣೆಕಟ್ಟಿನ ಕಾಲನಿಯಲ್ಲಿ ಬಹಳ ಕಾಲ ಇದ್ದರು. ಅಲ್ಲಿಯ ಸಾಹೇಬರುಗಳು ಸಂಜೆಯಾದರೆ ಗಾಲ್ಫ್ ಆಡುತ್ತಿದ್ದರಂತೆ, ಇವರಿಗೂ ಹುಚ್ಚು ಹತ್ತಿತು. ನಿವೃತ್ತರಾಗಿ ಜಲನಗರದ ಮನೆಗೆ ಬಂದು ಇಳಿದಾಗ ಉಳಿದವರಂತೆ ಫ್ರಿಜ್ಜು ಸೋಫಾ ತರಲಿಲ್ಲ, ಒಂದು ಉದ್ದನೆಯ ಚೀಲದ ತುಂಬ ಕಬ್ಬಿಣದ ಕೋಲು ತಂದರು. ಇವರು ಬೋರ್‌ವೆಲ್ ರಿಪೇರಿ ಕಲಿತು ಬಂದಿದ್ದಾರೆ ಎಂದು ಓಣಿಯವರು ತಿಳಿದರು. ಮೊದಲ ವಾರದಲ್ಲೇ ಒಬ್ಬರು ಬಂದು, "ಸಾಹೇಬ್ರ, ನಮ್ಮ ಮೋಟರ್ ಒಂದೀಟ ಮ್ಯಾಲ ಎತ್ತಿ ಕೊಡ್ರಿ" ಎಂದು ಕೇಳಿದರು!

ಟಿಕೋಟಾ ದಾಟಿ ಬಬಲೇಶ್ವರದ ದಾರಿಗೆ ಹೊರಳಿದರೆ ನಮ್ಮ ಹಿರಿಯರ ಕಾಲದ ಒಂದು ತುಂಡು ಮಡ್ಡಿ ಇದೆ. ಮಡ್ಡಿ ಎಂದರೆ ಏನೂ ಬೆಳೆಯದ ಕಲ್ಲುನೆಲ. ಅಲ್ಲಿ ಜಾಲಿಕಂಟಿ ಇದೆ, ಕುರಿಯ ಹಿಕ್ಕೆ ಇದೆ, ಒಂದು ಬೇವಿನ ಗಿಡ ಇದೆ. ಕಾಕಾ ಅದರಲ್ಲಿ ಅಲ್ಲಲ್ಲಿ ಆರು ತೆಗ್ಗು ತೋಡಿಸಿದರು. ಒಂದೊಂದು ತೆಗ್ಗಿನ ಪಕ್ಕಕ್ಕೂ ಒಂದೊಂದು ಕೋಲು ನೆಟ್ಟು ಅದಕ್ಕೆ ಬಾವುಟ ಕಟ್ಟಿದರು. ಬಾವುಟದ ಬಟ್ಟೆ ಎಲ್ಲಿಯದು ಎಂದು ತಿಳಿದದ್ದು ಕಾಕಿ ಒಮ್ಮೆ ಮಡ್ಡಿಗೆ ಬಂದಾಗ. ಕಣ್ಣಿಗೆ ಕೈ ಅಡ್ಡ ಹಿಡಿದು ದೂರದವರೆಗೆ ನೋಡಿದ ಕಾಕಿ, "ಯಪ್ಪಾ! ನನ್ನ ಪರಕರ ಎಲ್ಲಿ ಹ್ವಾದು ಅಂತ ಊರೆಲ್ಲಾ ಹುಡಿಕೇನಿ. ಟಿಕೋಟಾ ಮಡ್ಡ್ಯಾಗ ಹಾರ್ಯಾಡಾಕತ್ತಾವಲ್ಲ!" ಎಂದು ಅಲ್ಲೇ ಕೂತುಬಿಟ್ಟರು. ಕಾಕಿ ಸೀರೆಯ ಒಳಗೆ ಉಡುವ ಲಂಗಗಳು ಅವು! ಅವರ ಪಕ್ಕದಲ್ಲಿ ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಕಾಕಾನ ಗಾಲ್ಫಿಗೆ ಎಲ್ಲರಿಗಿಂತ ಹೆಚ್ಚು ನಕ್ಕವಳು ಅವಳೇ.

ಈ ಮಗಳ ಮಾತನ್ನು ನಾನು ಈಗಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದೆಲ್ಲ ನಿಮಗೆ ಬರೀ ತಮಾಷೆ ಅನಿಸೀತು. ಕಾಕಾಗೆ ಒಬ್ಬಳೇ ಮಗಳು. ಬಬಲೇಶ್ವರದ ದ್ರಾಕ್ಷಿ ಬೆಳೆಗಾರರೊಬ್ಬರ ಮಗನಿಗೆ ಕೊಟ್ಟು ಮದುವೆ ಮಾಡಿದ್ದರು. ಒಳ್ಳೆಯ ಮನೆ, ಒಳ್ಳೆಯ ಹುಡುಗ. ಮಕ್ಕಳು ಇನ್ನೂ ಆಗಿರಲಿಲ್ಲ. ಒಂದು ಮಳೆಗಾಲದಲ್ಲಿ ಜ್ವರವೆಂದು ಆಸ್ಪತ್ರೆಗೆ ಸೇರಿದವಳು ಮನೆಗೆ ಮರಳಲಿಲ್ಲ. ನನ್ನ ಬೆನ್ನ ಮೇಲೆ ಆಡಿ ಬೆಳೆದ ಹುಡುಗಿ ಅವಳು. ಈಗಲೂ ಅವಳ ಹೆಸರು ಬರೆಯಲು ಕೈ ಬರುವುದಿಲ್ಲ, ಅದಕ್ಕೇ ಬರೆಯುತ್ತಿಲ್ಲ.

ಮಗಳು ಹೋದ ಮೇಲೆ ಬೀಗರ ಮನೆಯ ಹಾದಿಯೂ ಹೋಯಿತು. ಯಾರೂ ಯಾರಿಗೂ ಒಂದು ಮಾತು ಅಂದಿರಲಿಲ್ಲ. ಆದರೆ ಹೋಗಲಿಕ್ಕೆ ಒಂದು ನೆಪ ಬೇಕಲ್ಲ? ಪಂಚಮಿಗೆ ಉಂಡಿ ಕಟ್ಟಿ ಒಯ್ಯುವುದು ಯಾರಿಗೆ? ದೀಪಾವಳಿಗೆ ಕರೆಯುವುದು ಯಾರನ್ನು? ಕಾಕಾ ಮಡ್ಡಿಗೆ ಹೋಗಿ ಬರುತ್ತೇನೆಂದು ಕಾರು ತೆಗೆದುಕೊಂಡು ಹೋಗುತ್ತಿದ್ದರು. ಮಡ್ಡಿ ಹಿಂದೆ ಉಳಿಯುತ್ತಿತ್ತು, ಕಾರು ಮುಂದೆ ಹೋಗುತ್ತಿತ್ತು. ಬಬಲೇಶ್ವರದ ಬೀಗರ ಓಣಿಯ ಬಾಯಿವರೆಗೆ ಹೋಗಿ, ಅಲ್ಲಿ ಗಾಡಿ ಹೊರಳಿಸಿ, ಯಾರನ್ನೂ ಕಾಣದೆ ತಿರುಗಿ ಬರುತ್ತಿದ್ದರು. ಇದನ್ನು ಕಂಡವರು ಕಾಕಿಗೆ ಹೇಳಿದರು. ಕಾಕಿ ಕಾರಿನ ಕೀಲಿಯನ್ನು ತಂದು ನನ್ನ ಕೈಯಲ್ಲಿಟ್ಟರು. "ಯವ್ವಾ, ಇನ್ನ ಐತವಾರಕ್ಕೊಮ್ಮೆ ನೀನ ಕರಕೊಂಡ ಹೋಗಿ ಬಾ. ಅವರ ಚಿತ್ತ ರಸ್ತೆ ಮ್ಯಾಲ ಇಲ್ಲ" ಎಂದರು.

ಹೀಗೆ ಶಾಲೆಯಲ್ಲಿ ಗಣಿತ ಹೇಳುವ ನಾನು ಭಾನುವಾರದ ಮಟ್ಟಿಗೆ ಗಾಲ್ಫ್ ಡ್ರೈವರ್ ಆದೆ. ತೊರವಿ ದಾಟಿ, ಟಿಕೋಟಾ ದಾಟಿ, ಬೇವಿನ ಗಿಡದ ನೆರಳಲ್ಲಿ ಕಾರು ನಿಲ್ಲಿಸುವುದು. ಕಾಕಾ ಒಬ್ಬರೇ ಚೆಂಡು ಹೊಡೆಯುವುದು, ನಾನು ಹುಡುಗರ ಉತ್ತರಪತ್ರಿಕೆ ತಿದ್ದುವುದು. ಆಗ ಕಾಕಾ ನಿಧಾನವಾಗೇನೂ ಆಡುತ್ತಿರಲಿಲ್ಲ. ಹೊಡೆಯುತ್ತಿದ್ದರು, ನಡೆಯುತ್ತಿದ್ದರು, ಮತ್ತೆ ಹೊಡೆಯುತ್ತಿದ್ದರು. ಯಾರೋ ಒಪ್ಪಿಸಿದ ಕೆಲಸ ಮಾಡಿ ಮುಗಿಸಿದಂತೆ ಆರೂ ತೆಗ್ಗು ಮುಗಿಸಿ ಕಾರಿಗೆ ಬಂದು ಕೂತುಬಿಡುತ್ತಿದ್ದರು. ನೋಡಲು ಬಹಳ ಸಂಕಟವಾಗುತ್ತಿತ್ತು.

ಒಂದು ಭಾನುವಾರ ರಸ್ತೆಯ ಮೇಲೆ ಮೋಟರ್‌ಸೈಕಲ್ಲೊಂದು ನಿಂತಿತು. ಧೋತರ, ಬಿಳಿ ಅಂಗಿ, ಗಾಂಧಿ ಟೊಪ್ಪಿಗೆ. ನೋಡಿದರೆ ಬಬಲೇಶ್ವರದ ಬೀಗರು! ಟಿಕೋಟಾಕ್ಕೆ ಏನೋ ಕೆಲಸಕ್ಕೆ ಹೊರಟಿದ್ದರಂತೆ.

"ಏನ ಮಾಡಾಕತ್ತೀರಿ ಬೀಗರ, ಇಷ್ಟ ಬಿಸಲಾಗ?"

ಎಷ್ಟೋ ತಿಂಗಳಿಂದ ಯಾರೂ ಕಾಕಾನನ್ನು ಹಾಗೆ ಕರೆದಿರಲಿಲ್ಲ. ಅವರ ಕೈಯಲ್ಲಿದ್ದ ಕೋಲು ಕೆಳಗೆ ಬಿತ್ತು.

"ಏನಿಲ್ರಿ... ಹಿಂಗ ಸುಮ್ಮನ... ಆಟರಿ."

"ಆಟ ಆಡ್ರಿ, ಆದರ ಒಂದ ಗ್ಲೌಸ್ ಕಳಕೊಂಡೀರಲ್ಲ!"

ಗಾಲ್ಫಿನಲ್ಲಿ ಕೈಗವಸು ಹಾಕುವುದು ಒಂದೇ ಕೈಗೆ. ಇದನ್ನು ಕಾಕಾ ಒಂದು ಮಾತಿನಲ್ಲಿ ಹೇಳಬಹುದಿತ್ತು. ಆದರೆ ಅಷ್ಟು ದಿನಗಳ ಮೇಲೆ ಸಿಕ್ಕ ಬೀಗರಿಗೆ ಬಾಯಿ ತೆರೆದ ಕೂಡಲೇ "ನಿಮಗೆ ಗೊತ್ತಿಲ್ಲ" ಅನ್ನುವುದೇ? ಛೆ ಛೆ! ಬೀಗರು ಧೋತರ ಎತ್ತಿ ಕಟ್ಟಿ ಕಳೆಯದ ಕೈಗವಸನ್ನು ಹುಡುಕಲು ಹೊರಟರು. ಅವರು ಹುಡುಕುವಾಗ ತಾವು ನಿಂತುಕೊಂಡರೆ ಚೆನ್ನಾಗಿರುತ್ತದೆಯೇ ಎಂದು ಕಾಕಾ ತಾವೂ ಹುಡುಕಿದರು! ನಾನು "ಕಾಕಾ, ಅದು..." ಎಂದು ಬಾಯಿ ತೆರೆದರೆ ಕಣ್ಣಿನಲ್ಲೇ ಗದರಿಸಿದರು. ಇಬ್ಬರೂ ಜಾಲಿಕಂಟಿ ಒಂದೊಂದನ್ನೇ ಸರಿಸಿ ನೋಡಿದರು. ಕುರಿ ಕಾಯುವವನೊಬ್ಬ ಸೇರಿಕೊಂಡ. ಹೊತ್ತು ಮುಳುಗುವವರೆಗೆ ಹುಡುಕಾಟ ನಡೆಯಿತು. ಅಂದು ಚೆಂಡಿಗೆ ಒಂದು ಪೆಟ್ಟೂ ಬೀಳಲಿಲ್ಲ.

ಮುಂದಿನ ಭಾನುವಾರ ಬೀಗರು ಮತ್ತೆ ಬಂದರು. ದ್ರಾಕ್ಷಿಗೆ ಔಷಧ ಹೊಡೆಯುವಾಗ ಹಾಕುವ ಕಿತ್ತಳೆ ಬಣ್ಣದ ರಬ್ಬರಿನ ಕೈಗವಸು ತಂದಿದ್ದರು. "ಜೋಡಿ ಆತು ನೋಡ್ರಿ" ಎಂದು ಕಾಕಾನ ಬಲಗೈಗೆ ತಾವೇ ಹಾಕಿದರು. ಅಂದಿನಿಂದ ಕಾಕಾನ ಎಡಗೈಯಲ್ಲಿ ಬಿಳಿ ಚರ್ಮದ್ದು, ಬಲಗೈಯಲ್ಲಿ ಮೊಣಕೈವರೆಗೆ ಬರುವ ಕಿತ್ತಳೆ ರಬ್ಬರಿನದು. ಅದರಲ್ಲಿ ಹಿಡಿತ ಸಿಗುತ್ತದೆಯೇ? ಎಷ್ಟೋ ಸಲ ಚೆಂಡು ಇದ್ದಲ್ಲೇ ಇರುತ್ತಿತ್ತು, ಕೋಲು ಹಾರಿ ಹೋಗುತ್ತಿತ್ತು! ಆದರೂ ಕಾಕಾ ಅದನ್ನು ತೆಗೆಯಲಿಲ್ಲ. ಬೀಗರಿಗೂ ಒಂದು ಕೋಲು ಕೊಟ್ಟು ಆಟ ಕಲಿಸಲು ಶುರು ಮಾಡಿದರು.

ನಿಧಾನ ಶುರುವಾದದ್ದು ಇಲ್ಲಿಂದ.

ಮೊದಲ ಚೆಂಡು ಯಾರು ಹೊಡೆಯಬೇಕು? ನಿಮಗೆ ಇದು ಸಣ್ಣ ಪ್ರಶ್ನೆ ಅನಿಸಬಹುದು. ಹೆಣ್ಣು ಕೊಟ್ಟವರಿಗೂ ತಂದುಕೊಂಡವರಿಗೂ ನಡುವೆ ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿಲ್ಲ.

"ಹೊಡೀರಿ ಬೀಗರ."

"ಏ ಇಲ್ರಿ, ಮೊದಲ ನೀವು."

"ಹಂಗಂದ್ರ ಹ್ಯಾಂಗರಿ? ನೀವ ಬಂದವ್ರು."

"ಬಂದವ್ರು ಆದರೇನಾತು, ಹೊಲಾ ನಿಮ್ದಲ್ಲೇನು? ಹೊಲದವ್ರ ಮೊದಲ ಹೊಡೀಬೇಕು."

"ಹೊಲಾ ನಮ್ದು ಬ್ಯಾರೆ ನಿಮ್ದು ಬ್ಯಾರೆ ಐತೇನ್ರಿ?"

ಇಷ್ಟಾಗುವಾಗ ನಾನು ಒಂದು ಉತ್ತರಪತ್ರಿಕೆ ತಿದ್ದಿ ಮುಗಿಸಿ, ಅಂಕ ಕೂಡಿಸಿ, ಕೂಡಿಸಿದ್ದು ಸರಿಯೇ ಎಂದು ಇನ್ನೊಮ್ಮೆ ನೋಡಿರುತ್ತಿದ್ದೆ. ತಲೆಯೆತ್ತಿದರೆ ಚೆಂಡು ಇದ್ದಲ್ಲೇ ಇದೆ, ಇಬ್ಬರೂ ಕೋಲನ್ನು ಒಬ್ಬರಿಗೊಬ್ಬರು ಚಾಚಿಕೊಂಡು ನಿಂತಿದ್ದಾರೆ! ಕಡೆಗೆ ಯಾರೋ ಒಬ್ಬರು ಹೊಡೆದರೆನ್ನಿ. ಚೆಂಡು ಕಂಟಿಯೊಳಗೆ ಹೋಯಿತೆನ್ನಿ. ಹುಡುಕಲು ಹೋದ ಬೀಗರಿಗೆ ಅದು ಕಂಡರೂ ಅವರು ಕಂಡಿತೆನ್ನುವುದಿಲ್ಲ. ಹೊಲದ ಯಜಮಾನರಿಗೇ ಮೊದಲು ಸಿಗಲಿ ಎಂದು ಅದರ ಮುಂದೆ ನಿಂತು ಬೇರೆ ಕಡೆ ನೋಡುತ್ತಾರೆ. ಕಾಕಾ ಸಿಕ್ಕ ಚೆಂಡನ್ನು ಕಾಲಿನಿಂದ ಮುಚ್ಚಿಕೊಂಡು, "ಬೀಗರ, ನಿಮ್ಮ ಕಣ್ಣ ಚುರುಕು, ನೀವ ನೋಡ್ರಿ" ಎಂದು ಕರೆಯುತ್ತಾರೆ.

ಇನ್ನು ಕರಿಕಿಯ ಕತೆ. ಗಾಲ್ಫಿನಲ್ಲಿ ತೆಗ್ಗಿನ ಸುತ್ತ ನುಣ್ಣಗಿನ ಹುಲ್ಲು ಇರಬೇಕು, ಅದಕ್ಕೆ ಗ್ರೀನ್ ಅನ್ನುತ್ತಾರೆ. ಕಲ್ಲುನೆಲದಲ್ಲಿ ಹುಲ್ಲೆಲ್ಲಿಂದ ತರುವುದು? ಒಂದು ತೆಗ್ಗಿಗಾದರೂ ಇರಲಿ ಎಂದು ಕಾಕಾ ಮೊದಲನೆಯ ತೆಗ್ಗಿನ ಸುತ್ತ ಕೆರೆಮಣ್ಣು ಹಾಕಿಸಿ, ಕರಿಕಿಯ ಬೇರು ತಂದು ಹಚ್ಚಿದ್ದರು. ನಾವು ಗಣಪತಿಗೆ ಏರಿಸುತ್ತೇವಲ್ಲ, ಅದೇ ಕರಿಕಿ. ಇಡೀ ಬೇಸಿಗೆ ಜಲನಗರದ ಮನೆಯಿಂದ ಕ್ಯಾನುಗಳಲ್ಲಿ ನೀರು ತುಂಬಿ, ಕಾರಿನ ಡಿಕ್ಕಿಯಲ್ಲಿಟ್ಟು ತಂದು ಹನಿಸಿದ್ದರು. ಹುಲ್ಲು ಚಾಪೆಯಂತೆ ಹಬ್ಬಿತ್ತು. ಅದರ ಮೇಲೆ ಚಪ್ಪಲಿ ಇಡಲು ನನಗೂ ಅಪ್ಪಣೆ ಇರಲಿಲ್ಲ.

ಒಂದು ಭಾನುವಾರ ನಾವು ತಡವಾಗಿ ಹೋದೆವು. ಬೀಗರು ಆಗಲೇ ಬಂದಿದ್ದರು. ಬೆವರಿನಿಂದ ಅಂಗಿ ಬೆನ್ನಿಗಂಟಿತ್ತು. ಕೈಯಲ್ಲಿ ಕಳೆ ಕೀಳುವ ಕುರ್ಪಿ. ಮೊದಲನೆಯ ತೆಗ್ಗಿನ ಸುತ್ತ ನೆಲ ಬೋಳುತಲೆಯಂತೆ ಹೊಳೆಯುತ್ತಿತ್ತು. ಪಕ್ಕದ ಬಂಡೆಯ ಮೇಲೆ ಕರಿಕಿಯ ರಾಶಿ ಒಣಗುತ್ತ ಬಿದ್ದಿತ್ತು!

"ಬೀಗರ, ನಿಮ್ಮ ಹೊಲಕ್ಕ ಕರಿಕಿ ಹೊಕ್ಕಿತ್ರಿ! ಕಂಡ ಕೂಡ್ಲೆ ಕುರ್ಪಿ ಹಿಡದೆ. ಹಿಂಗ ಬಿಟ್ರ ಇಡೀ ಮಡ್ಡಿ ನುಂಗತೈತಿ. ಬೇರಸಹಿತ ತಗದೇನಿ. ಇನ್ನ ಏನಾದ್ರೂ ಹುಟ್ಟಂಗಿಲ್ಲ ಬಿಡ್ರಿ!"

ಅವರದೂ ತಪ್ಪಲ್ಲ. ಕರಿಮಣ್ಣಿನ ರೈತ ಜೀವಮಾನವೆಲ್ಲ ಬಡಿದಾಡುವುದೇ ಈ ಕರಿಕಿಯ ಜೊತೆ. ಹೊಲದಲ್ಲಿ ಅದರ ಒಂದು ಎಳೆ ಕಂಡರೆ ಅವನಿಗೆ ಊಟ ಸೇರುವುದಿಲ್ಲ. ಅದನ್ನು ನೀರು ಹನಿಸಿ ಬೆಳೆಸುವ ಮನುಷ್ಯ ಇರುತ್ತಾನೆಂದು ಬೀಗರು ಕನಸಿನಲ್ಲೂ ಕಂಡಿರಲಿಕ್ಕಿಲ್ಲ. ಕಾಕಾ ಆ ಬೋಳು ನೆಲವನ್ನೂ ಬಂಡೆಯ ಮೇಲಿನ ರಾಶಿಯನ್ನೂ ನೋಡಿದರು.

"ಭಾಳ... ಭಾಳ ಉಪಕಾರ ಆತ್ರಿ. ನಾನೂ ತಗಸಬೇಕು ತಗಸಬೇಕು ಅಂತಿದ್ದೆ."

ಅಷ್ಟು ಹೇಳಿ, ಕರಿಕಿಗೆಂದು ತಂದ ನೀರನ್ನು ಬೀಗರ ಕೈಕಾಲು ತೊಳೆಯಲು ಸುರಿದರು. ತಿರುಗಿ ಬರುವಾಗ ತೊರವಿ ಬಂದ ಮೇಲೆ ಒಮ್ಮೆಲೇ, "ಬೇರಸಹಿತ ತಗದಾನಲ್ಲ ಬೇ ಮನಷ್ಯಾ!" ಎಂದು ನಗತೊಡಗಿದರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಾನು ಗಾಡಿ ಬದಿಗೆ ನಿಲ್ಲಿಸಬೇಕಾಯಿತು. ಮಗಳು ಹೋದ ಮೇಲೆ ಕಾಕಾ ನಕ್ಕದ್ದು ಅದೇ ಮೊದಲು.

ಚೆಂಡು ತೆಗ್ಗಿನ ಹತ್ತಿರ ಬಂದರೂ ಆಟ ಮುಗಿಯುತ್ತಿತ್ತೇ? ಇಲ್ಲ! ಬೀಗರಿಗಿಂತ ಮೊದಲು ಚೆಂಡನ್ನು ತೆಗ್ಗಿಗೆ ಹಾಕುವುದೆಂದರೆ ಬೀಗರಿಗಿಂತ ಮೊದಲು ಊಟ ಮುಗಿಸಿ ಕೈ ತೊಳೆದಂತೆ. ಗೇಣಿನಷ್ಟು ದೂರದಲ್ಲಿದ್ದ ಚೆಂಡನ್ನು ಕಾಕಾ ಕೂತು ನೋಡಿ, ನಿಂತು ನೋಡಿ, ಸುತ್ತು ಹಾಕಿ ನೋಡಿ, ತೆಗ್ಗನ್ನು ತಪ್ಪಿಸಿ ಆಚೆ ಹೊಡೆಯುತ್ತಿದ್ದರು. ಬೀಗರು ಅದಕ್ಕಿಂತ ದೂರ ಹೊಡೆದು, "ಅಯ್ಯ, ತಪ್ಪಿತಲ್ರಿ!" ಎಂದು ನಾಟಕ ಮಾಡುತ್ತಿದ್ದರು. ಇಬ್ಬರೂ ಸೋಲಲೇಬೇಕೆಂದು ಹಟ ಹಿಡಿದ ಆಟಕ್ಕೆ ಕೊನೆ ಎಲ್ಲಿಂದ ಬರಬೇಕು? ಗಣಿತದವಳಾದ ನನಗೂ ಇದಕ್ಕೆ ಉತ್ತರ ಸಿಗಲಿಲ್ಲ.

ಒಮ್ಮೆ ಕಾಕಾನ ಹಳೆಯ ಮೇಲಧಿಕಾರಿಯೊಬ್ಬರು ಬೆಳಗಾವಿಯಿಂದ ಬಂದಿದ್ದರು. ಬಿಳಿ ಬೂಟು, ಇಸ್ತ್ರಿಯ ಪ್ಯಾಂಟು, ನಿಜವಾದ ಗಾಲ್ಫಿಗರು. ಎರಡನೆಯ ತೆಗ್ಗಿಗೆ ಹೋಗುವ ಮೊದಲೇ ಅವರು ಗಡಿಯಾರ ನೋಡತೊಡಗಿದರು. ಕಡೆಗೆ ತಡೆಯಲಾರದೆ ಇಬ್ಬರನ್ನೂ ನಿಲ್ಲಿಸಿ ಪಾಠವನ್ನೇ ಮಾಡಿದರು. ಹವ್ಯಾಸಿಗಳ ಆಟ ನಿಧಾನವಾಗುವುದು ಯಾಕೆ? ಯಾವ ಕೋಲು ಬೇಕೆಂದು ಮೊದಲೇ ಯೋಚಿಸಿರುವುದಿಲ್ಲ. ಹೊಡೆಯುವ ಮೊದಲು ಗಾಳಿಯಲ್ಲಿ ಹತ್ತು ಸಲ ಬೀಸುತ್ತಾರೆ. ಸಿಗದ ಚೆಂಡಿಗಾಗಿ ಅಡವಿಯೆಲ್ಲ ಸುತ್ತುತ್ತಾರೆ. ತೆಗ್ಗಿನ ಹತ್ತಿರ ನಿಂತು ಸುದ್ದಿ ಹೇಳುತ್ತಾರೆ. "ಸರದಿ ಅಂತ ಕಾಯಬಾರದು. ಯಾರು ತಯಾರಿದ್ದಾರೋ ಅವರು ಮೊದಲು ಹೊಡೆಯಬೇಕು. ಅಷ್ಟು ಮಾಡಿದರೆ ಸಾಕು, ಆಟ ಓಡುತ್ತದೆ" ಎಂದರು.

ಬೀಗರು ಕೈಕಟ್ಟಿಕೊಂಡು ಎಲ್ಲವನ್ನೂ ಕೇಳಿದರು. ಆಮೇಲೆ ಬಹಳ ವಿನಯದಿಂದ, "ತಯಾರ ಇದ್ದವ್ರ ಮೊದಲ ಹೊಡೀಬೇಕಂದ್ರ... ದೊಡ್ಡವ್ರು, ಬೀಗರು, ಏನೂ ಇಲ್ಲೇನ್ರಿ ಸಾಹೇಬ್ರ ನಿಮ್ಮ ಆಟದಾಗ?" ಎಂದು ಕೇಳಿದರು. ಸಾಹೇಬರು ಹೋಗಿ ನಮ್ಮ ಕಾರಿನಲ್ಲಿ ಕೂತರು. "ಮೇಡಂ, ಇವರು ಎಷ್ಟು ಹೊತ್ತಿಗೆ ಮುಗಿಸುತ್ತಾರೆ?" ಎಂದರು. "ಇವರು ಮುಗಿಸುವುದಿಲ್ಲ ಸರ್" ಎಂದೆ.

ನಾನು ಹೇಳಿದ್ದು ನಿಜವೇ. ಬೀಗರು ಆಡಲು ಕಲಿತ ಮೊದಲ ದಿನ ಐದನೆಯ ತೆಗ್ಗಿಗೆ ಹೊತ್ತು ಮುಳುಗಿತ್ತು. ಕಾಕಾ ಬ್ಯಾಟರಿ ತರುತ್ತೇನೆಂದಾಗ ಬೀಗರು ತಡೆದರು. "ಇರ್ಲಿ ಬಿಡ್ರಿ, ಒಂದ ಬಾಕಿ ಉಳೀಲಿ. ಬರಾಕ ಒಂದ ಕಾರಣ ಇರತೈತಿ." ನಾವು ಯಾರ ಮನೆಯಿಂದ ಹೊರಡುವಾಗಲೂ ಹೋಗುತ್ತೇನೆ ಅನ್ನುವುದಿಲ್ಲ, ಬರುತ್ತೇನೆ ಅನ್ನುತ್ತೇವಲ್ಲ, ಹಾಗೆ. ಅಂದಿನಿಂದ ಅವರು ಆರನೆಯದನ್ನು ಮುಟ್ಟಲಿಲ್ಲ. ಮುಂದಿನ ವಾರ ಮತ್ತೆ ಒಂದನೆಯದರಿಂದಲೇ ಶುರು. ಇಬ್ಬರೂ ಅವಳ ಮಾತೆತ್ತುತ್ತಿರಲಿಲ್ಲ. ಒಮ್ಮೆ ಮಾತ್ರ, ಬೀಗರು ಒಣದ್ರಾಕ್ಷಿಯ ಪುಡಿಕೆ ಬಿಚ್ಚುತ್ತ, "ಅಕಿಗೆ ಕರೇವು ಭಾಳ ಸೇರತಿದ್ದು" ಎಂದರು. ಕಾಕಾ ತಲೆಯಾಡಿಸಿದರು. ಪುಡಿಕೆಯಿಂದ ಕರಿಯ ದ್ರಾಕ್ಷಿಯೊಂದನ್ನು ಆರಿಸಿ ಬಾಯಿಗೆ ಹಾಕಿಕೊಂಡು, "ಹೊಡೀರಿ ಬೀಗರ, ಮೊದಲ ನೀವು" ಎಂದರು.

ಈ ಮಾಘದಲ್ಲಿ ಒಂದು ಭಾನುವಾರ ಬೀಗರು ಬಂದವರೇ, ಉಪಚಾರದ ಒಂದು ಮಾತೂ ಇಲ್ಲದೆ ಚೆಂಡಿಟ್ಟು ಹೊಡೆದರು. ಕಾಕಾಗೆ ದಿಕ್ಕು ತಪ್ಪಿದಂತಾಯಿತು. ಬೀಗರು ಸರಸರನೆ ನಡೆದರು, ಹೊಡೆದರು, ನಡೆದರು. ಚೆಂಡು ಕಂಟಿಗೆ ಹೋದರೆ ಅಲ್ಲೇ ಬಿಟ್ಟು ಇನ್ನೊಂದು ತೆಗೆದರು. ಬಿಸಿಲು ಇನ್ನೂ ಇಳಿದಿರಲಿಲ್ಲ, ಆಗಲೇ ಐದನೆಯದರ ಹತ್ತಿರ ನಿಂತಿದ್ದರು. ನಾನು ಕಾರಿನಿಂದ ಇಳಿದು ನಿಂತೆ.

"ಏನಾತ್ರಿ ಬೀಗರ? ಮೈಯಾಗ ಆರಾಮ ಐತಿಲ್ರಿ?" ಎಂದರು ಕಾಕಾ.

ಬೀಗರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಹುಡುಗಗ ಒಂದ ಹೆಣ್ಣ ಗೊತ್ತ ಮಾಡೇನ್ರಿ" ಎಂದರು. "ಹೆಂಗ ಹೇಳಬೇಕೋ ತಿಳೀವಲ್ದಾಗಿತ್ತು. ಆಟ ಮುಗಿಸಿ ಹೇಳಬೇಕಂತ ಬಂದೆ."

ಕಾಕಾ ತಲೆಯೆತ್ತಿ ಬಾವುಟ ನೋಡಿದರು. ಮೇಲೆ ಕಾಕಿಯ ಪರಕರ ಪಟಪಟ ಹಾರುತ್ತಿತ್ತು. "ಚಲೋ ಮಾಡೀರಿ" ಎಂದರು. "ನಾನ ಹೇಳಬೇಕಂತಿದ್ದೆ. ಸಣ್ಣ ವಯಸ್ಸು, ಒಬ್ಬನ ಹ್ಯಾಂಗ ಇದ್ದಾನು? ಭಾಳ ಚಲೋ ಆತು."

ಆಮೇಲೆ ಅವರು ಕಿತ್ತಳೆ ಕೈಗವಸನ್ನು ಕಳಚಿದರು. ನೀಟಾಗಿ ಮಡಚಿ ಕಿಸೆಯಲ್ಲಿಟ್ಟುಕೊಂಡರು. ಆರನೆಯ ತೆಗ್ಗಿನ ಕಡೆಗೆ ತಿರುಗಿ ನಿಂತು ಹೊಡೆದರು. ಚೆಂಡು ಗಾಳಿಯಲ್ಲಿ ಎದ್ದು ನೆಟ್ಟಗೆ ಹೋಗಿ ಬಾವುಟದ ಹತ್ತಿರ ಬಿತ್ತು. ನಡೆದು ಹೋಗಿ ಮೆಲ್ಲಗೆ ತಟ್ಟಿದರು. ಒಳಗೆ ಬಿತ್ತು. ಕಾಕಾಗೆ ಇಷ್ಟು ಚೆನ್ನಾಗಿ ಆಡಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

"ಆಟ ಮುಗೀತ್ರಿ" ಎಂದರು ಕೈಮುಗಿದು. "ಇನ್ನ ನಿಮ್ಮನಿಗೆ ಹೊಸಾ ಮಂದಿ ಬರತಾರ. ಅವರನ್ನ ನೋಡ್ಕೋರಿ. ಇಲ್ಲಿ ಬಂದ ಬಿಸಲಾಗ ನಿಲ್ಲಬ್ಯಾಡ್ರಿ."

ಬೀಗರು ಟೊಪ್ಪಿಗೆಯನ್ನು ತಲೆಗೇರಿಸಿಕೊಂಡರು. ಮೋಟರ್‌ಸೈಕಲ್ ಹತ್ತಿ ಹೋದರು. ಕಾರಿನಲ್ಲಿ ಕಾಕಾ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ತೊರವಿ ಬಂದಾಗ, "ಇನ್ನ ಅವರಿಗೆ ಏನಂತ ಕರೀಲಿ ಬೇ ನಾ?" ಎಂದು ಕೇಳಿದರು. ಅಂದು ಅವರು ನಗಲಿಲ್ಲ, ನಾನು ಗಾಡಿಯನ್ನೂ ನಿಲ್ಲಿಸಲಿಲ್ಲ.

ಅಲ್ಲಿಂದ ಮುಂದೆ ಭಾನುವಾರ ಬಂತೆಂದರೆ ಕಾಕಾ ಗಡ್ಡ ಬೋಳಿಸಿಕೊಂಡು, ಗಾಲ್ಫಿನ ಬಿಳಿ ಟೊಪ್ಪಿಗೆ ಹಾಕಿಕೊಂಡು, ಅಂಗಳದ ಕುರ್ಚಿಯಲ್ಲಿ ಕೂತುಬಿಡುವರು. ಮಧ್ಯಾಹ್ನ ಊಟಕ್ಕೆ ಕರೆದಾಗ ಟೊಪ್ಪಿಗೆ ತೆಗೆದು ಒಳಗೆ ಬರುವರು. ಬೀಗರು ಲಗ್ನಪತ್ರಿಕೆ ಕೊಡಲು ಮನೆಗೆ ಬಂದ ದಿನವಂತೂ, ಊರಿಗೆಲ್ಲ ಉಪಚಾರ ಕಲಿಸುವ ನಮ್ಮ ಕಾಕಾ ಮಲಗುವ ಕೋಣೆಯ ಬಾಗಿಲ ಹಿಂದೆ ಅಡಗಿ ನಿಂತರು! ಕಾಕಿ ಚಹಾ ಕೊಟ್ಟರು, ಅವರು ಊರಲ್ಲಿಲ್ಲ ಎಂದರು. ಬೀಗರು ಹೊರಡುವಾಗ ಹೊಸ್ತಿಲ ಬಳಿ ಇದ್ದ ಕಾಕಾನ ಚಪ್ಪಲಿಗಳನ್ನು ನೋಡಿದರು. ತಮ್ಮ ಚಪ್ಪಲಿ ಮೆಟ್ಟಿಕೊಂಡು ಹೋದರು.

ಎರಡನೆಯವಳಾಗಿ ಬರುವ ಹುಡುಗಿಗೆ ಮೊದಲಿನವಳ ತವರಿನಿಂದ ಒಂದು ಸೀರೆ ಹೋಗಬೇಕೆಂಬುದು ನಮ್ಮ ಮನೆತನದ ಹಿರಿಯರು ಹಾಕಿಕೊಟ್ಟ ರೂಢಿ. ಕಾಕಿ ಕಪಾಟು ತೆಗೆದು ಹಸಿರು ಇಳಕಲ್ ಸೀರೆಯೊಂದನ್ನು ಹೊರಗೆ ತಂದರು. ಮಗಳಿಗೆ ಪಂಚಮಿಗೆ ಕೊಡಲೆಂದು ತೆಗೆದುಕೊಂಡದ್ದು. ಕೊಡುವ ಮೊದಲೇ ಅವಳು ಹೋಗಿದ್ದಳು. "ಮನಿ ತುಂಬಿಸಿಕೊಳ್ಳೂವಾಗ ಇದನ್ನ ಉಡಲಿ ಅಂತ ಹೇಳು ಯವ್ವಾ. ಆ ಕೂಸಿಂದೇನ ತಪ್ಪೈತಿ?" ಎಂದು ಅದರ ಮೇಲೆ ಕುಂಕುಮ ಇಟ್ಟು ನನ್ನ ಕೈಗೆ ಕೊಟ್ಟರು. ನಾನು ಅವರ ಮುಖ ನೋಡಲಿಲ್ಲ.

ಮದುವೆಗೆ ನಮ್ಮ ಮನೆಯಿಂದ ನಾನೊಬ್ಬಳೇ ಹೋದೆ. ಬೀಗರು ಗದ್ದಲದಿಂದ ಆಚೆ ಕರೆದುಕೊಂಡು ಹೋಗಿ, "ಬೀಗರು ನನ್ನ ಮ್ಯಾಲ ಸಿಟ್ಟ ಆಗ್ಯಾರೇನವ್ವಾ?" ಎಂದು ಕೇಳಿದರು. ಅವರ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. "ಅವರು ಸಿಟ್ಟ ಆಗೂ ಮನಷ್ಯಾರಾಗಿದ್ರ ನೀವು ಕರಿಕಿ ಕಿತ್ತಾಗನ ಆಗತಿದ್ರು" ಎಂದುಬಿಟ್ಟೆ.

"ಯಾವ ಕರಿಕಿ?"

ಎಲ್ಲವನ್ನೂ ಹೇಳಿದೆ. ಕೆರೆಮಣ್ಣು, ಡಿಕ್ಕಿಯ ಕ್ಯಾನು, ಇಡೀ ಬೇಸಿಗೆ. ಬೀಗರು ಮಗನ ಮದುವೆಯ ಚಪ್ಪರದಲ್ಲಿ ತಲೆಯ ಮೇಲೆ ಕೈಹೊತ್ತು ಕೂತರು. "ಬೆಳಸಿದ್ದೇನು ಅದನ್ನ? ಬೆಳಸಿದ್ದೇನು?" ಎಂದು ಅದನ್ನೇ ಕೇಳುತ್ತಿದ್ದರು. "ಮತ್ತ ಉಪಕಾರ ಆತು ಅಂದ್ರಲ್ಲ ಅವರು!"

ಮುಂದಿನ ಭಾನುವಾರ ಕಾಕಿ ಗಂಡನನ್ನು ಕುರ್ಚಿಯಿಂದ ಎಬ್ಬಿಸಿದರು. "ಆಟ ಮುಗದೈತಿ ಅಂತೀರಿ. ಹೋಗಿ ನನ್ನ ಪರಕರಾ ಆದ್ರೂ ಬಿಚ್ಚಿಕೊಂಡ ಬರ್ರಿ, ನೆಲಾ ಒರಸಾಕ ಆಗತಾವ." ಆ ಮಾತಿಗೆ ಕಾಕಾ ಎದ್ದು ಬಂದು ಕಾರಿನಲ್ಲಿ ಕೂತರು. ಬಾವುಟ ಬಿಚ್ಚಲು ಒಂದು ಚೀಲವನ್ನೂ ತಂದಿದ್ದರು.

ಬೇವಿನ ಗಿಡದ ಕೆಳಗೆ ಮೋಟರ್‌ಸೈಕಲ್ ನಿಂತಿತ್ತು. ಒಂದನೆಯ ತೆಗ್ಗಿನ ಹತ್ತಿರ ಬೀಗರು ಕುಕ್ಕರಗಾಲಲ್ಲಿ ಕೂತಿದ್ದರು. ಪಕ್ಕದಲ್ಲಿ ನೀರಲ್ಲಿ ಅದ್ದಿದ ಗೋಣಿಚೀಲ, ಅದರ ತುಂಬ ಬೇರುಸಹಿತ ಕರಿಕಿ. ಕೈಯಲ್ಲಿ ಅದೇ ಕುರ್ಪಿ. ಕಾಕಾ ದೂರದಲ್ಲೇ ನಿಂತರು. ಕರೆಯಲು ಬಾಯಿ ತೆರೆದರು, ಯಾವ ಹೆಸರಿನಿಂದ ಕರೆಯಬೇಕೆಂದು ತಿಳಿಯದೆ ಮುಚ್ಚಿದರು. ಮತ್ತೆ ತೆರೆದು, "ಏನ್ರಿ... ಬಂದೀರಿ?" ಎಂದರು.

ಬೀಗರು ತಿರುಗಿ ನೋಡಲಿಲ್ಲ. "ಬೀಗರ, ನೀರ ತಂದೀರೇನ?" ಎಂದರು.

ಕಾಕಾ ನಿಂತಲ್ಲೇ ನಿಂತಿದ್ದರು.

"ನಮ್ಮ ತ್ವಾಟದಾಗಿಂದ ತಂದೇನ್ರಿ" ಎಂದರು ಬೀಗರು ಮಣ್ಣು ಕೆದಕುತ್ತ. "ಕರಿಕಿ ಕಿತ್ತು ಕಿತ್ತು ಇಷ್ಟ ವಯಸ್ಸಾತು. ಹಚ್ಚೂದ ಇದ ಮೊದಲ. ಮಂದಿ ನೋಡಿದ್ರ ತಲಿ ಕೆಟ್ಟೈತಿ ಅಂತಾರ. ಅನ್ಲಿ."

"ನಿಮಗ ಈಗ ಹೊಸಾ ಬೀಗರು..." ಎಂದು ಕಾಕಾ ಶುರು ಮಾಡಿದರು.

ಬೀಗರು ಈಗ ತಿರುಗಿದರು. "ಸೊಸಿ ನಿಮ್ಮನಿ ಸೀರಿ ಉಟಗೊಂಡ ನನ್ನ ಹೊಸ್ತಲಾ ದಾಟ್ಯಾಳ. ಊರೆಲ್ಲಾ ನೋಡೈತಿ. ನಿಮ್ಮ ಸೀರಿ ಉಟ್ಟಾಕಿ ಮಾವ ನಿಮಗ ಬೀಗ ಅಲ್ಲಂದ್ರ ಮತ್ತೇನ ಆಗಬೇಕು ನೀವ ಹೇಳ್ರಿ?"

ಕಾಕಾ ಅತ್ತರು. ಮಗಳನ್ನು ಮಣ್ಣು ಮಾಡಿದ ದಿನವೂ ಎಲ್ಲರ ಮುಂದೆ ಅಳದ ಮನುಷ್ಯ, ಆ ಬಟಾಬಯಲಿನಲ್ಲಿ ಬಾವುಟದ ಚೀಲವನ್ನು ಮುಖಕ್ಕೆ ಒತ್ತಿಕೊಂಡು ಸಣ್ಣ ಹುಡುಗನ ಹಾಗೆ ಅತ್ತರು. ಬೀಗರು ಎದ್ದು ಹೋಗಿ ಭುಜ ಹಿಡಿದುಕೊಂಡು ನಿಂತರು. ನಾನು ಕಾರಿನ ಡಿಕ್ಕಿ ತೆಗೆದೆ. ಕ್ಯಾನುಗಳು ಖಾಲಿ ಇದ್ದವು, ಕುಡಿಯಲು ತಂದ ಒಂದು ಬಾಟಲಿ ನೀರಿತ್ತು. ಅದನ್ನೇ ತಂದು ಕೊಟ್ಟೆ.

ಸಮಾಧಾನವಾದ ಮೇಲೆ ಕಾಕಾ ಕಿಸೆಯಿಂದ ಕಿತ್ತಳೆ ಕೈಗವಸು ತೆಗೆದು ಹಾಕಿಕೊಂಡರು. ಅದು ಅಷ್ಟು ದಿನವೂ ಅಲ್ಲೇ ಇತ್ತು. ಇಬ್ಬರೂ ತೆಗ್ಗಿನ ಪಕ್ಕ ಕೂತರು.

"ಇದು ಹಬ್ಬಾಕ ಭಾಳ ದಿನಾ ಹಿಡೀತೈತ್ರಿ ಬೀಗರ" ಎಂದರು ಬಬಲೇಶ್ವರದವರು.

"ಹಿಡೀಲಿ ಬಿಡ್ರಿ ಬೀಗರ. ಅವಸರ ಯಾರಿಗೈತಿ?" ಎಂದು ಕಾಕಾ ಒಂದು ಎಳೆ ಕರಿಕಿಯನ್ನು ಅವರ ಕಡೆ ಚಾಚಿದರು. "ಹಚ್ಚರಿ, ಮೊದಲ ನೀವು."

"ಏ ಇಲ್ರಿ. ಹೊಲಾ ನಿಮ್ದು. ನೀವ ಮೊದಲ ಹಚ್ಚರಿ."

"ಹಂಗಂದ್ರ ಹ್ಯಾಂಗರಿ? ತಂದವ್ರು ನೀವು..."

ಚೀಲದಲ್ಲಿದ್ದ ಕರಿಕಿಯೆಲ್ಲ ನೆಲಕ್ಕಿಳಿಯುವ ಹೊತ್ತಿಗೆ ಕತ್ತಲಾಗುತ್ತದೆಂದು ನನಗೆ ತಿಳಿಯಿತು. ಕಾರಿನ ಬಾಗಿಲು ತೆಗೆದು, ಕಣ್ಣೊರೆಸಿಕೊಂಡು, ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದೆ.